ಫೋನಿನಲ್ಲಿ ಹೇಳಿದ ‘ಬರ್ತೀನಿ’

ಶೃಂಗೇರಿ
೨೧–೨–೨೦೦೭

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಪುಣೆಯ ನೀರು ಒಗ್ಗಿತೇ? ಭಾವ ಚೆನ್ನಾಗಿದ್ದಾರೆ ತಾನೆ? ಧೂಳು ಕಂಡರೆ ಸಾಲುಸಾಲಾಗಿ ಸೀನುತ್ತಿದ್ದೆಯಲ್ಲ, ಈಗಲೂ ಹಾಗೆಯೇನಾ? ಮೂರು ವರ್ಷದ ಮೇಲೆ ಇದ್ದಕ್ಕಿದ್ದಂತೆ ಇವಳ ಕಾಗದ ಯಾಕೆ ಎಂದು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಆರಾಮ. ವಿಳಾಸ ಕೊಟ್ಟವಳು ನಿನ್ನ ಗೆಳತಿ ನೀಲಾಂಬಿಕೆ. ನರಸಿಂಹರಾಜಪುರದ ಬಸ್ಸಿನಲ್ಲಿ ಸಿಕ್ಕಿದ್ದಳು. ಕೊಡುವುದೇ ಇಲ್ಲ ಎಂದವಳನ್ನು ಕೊಪ್ಪ ಬರುವವರೆಗೂ ಕಾಡಿ ಬೇಡಿ ಬರೆಸಿಕೊಂಡೆ. ಅವಳನ್ನು ಬೈಯಬೇಡ.

ಅಪ್ಪನ ಲಾಡ್ಜು ಹಾಗೆಯೇ ನಡೆಯುತ್ತಿದೆ. ಓದು ಮುಗಿಸಿದ ಈ ಇಂಜಿನಿಯರಮ್ಮ ಕೌಂಟರಿನಲ್ಲಿ ಕೂತು ಯಾತ್ರಿಕರಿಗೆ ಬೀಗದ ಕೈ ಕೊಡುತ್ತಾಳೆ! ದಿನಾ ಅಷ್ಟು ಜನ ಬಂದು ಹೋಗುತ್ತಾರೆ, ನನ್ನೊಡನೆ ಮಾತಾಡುವವರು ಒಬ್ಬರಿಲ್ಲ. ಅಪ್ಪ ಒಪ್ಪದ ಮದುವೆ ಮಾಡಿಕೊಂಡು ನೀನು ಹೋದಂದಿನಿಂದ ಮನೆಯಲ್ಲಿ ನಿನ್ನ ಹೆಸರೆತ್ತುವಂತಿಲ್ಲ. ಹೊಸಬರು ಕೇಳಿದರೆ ಅಪ್ಪ ಒಬ್ಬಳೇ ಮಗಳು ಎನ್ನುತ್ತಾರೆ. ಒಬ್ಬಳೇ ಮಗಳಾಗುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ ಅಕ್ಕಾ. ಬಹಳ ಬೇಜಾರಾಗುತ್ತದೆ.

ಈಗ ಸುದ್ದಿ. ಶಿವಮೊಗ್ಗದಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಕಂಪನಿಯ ಪರೀಕ್ಷೆ ಬರೆದಿದ್ದೆ. ಪಾಸಾಯಿತು, ಕೊನೆಯ ಇಂಟರ್‌ವ್ಯೂ ಫೋನಿನಲ್ಲಿ ಎಂದರು. ಮೊನ್ನೆ ಕಂಪನಿಯ ಒಬ್ಬ ಮೇಡಂ ಕೌಂಟರಿನ ಫೋನಿಗೇ ಮಾಡಿದರು. ನಾನು ಪ್ರೋಗ್ರಾಮ್ ವಿವರಿಸುತ್ತಿದ್ದರೆ ಮೆಟ್ಟಿಲ ಮೇಲಿಂದ ಯಾರೋ “ಬಿಸಿನೀರು ಎಷ್ಟೊತ್ತಿಗೆ ಬಿಡ್ತೀರಿ?” ಎಂದು ಕೂಗುತ್ತಿದ್ದರು. ಹೇಗೋ ಓದಿದ್ದನ್ನೆಲ್ಲ ಹೇಳಿದೆ. ಆಮೇಲೆ ಆ ಮೇಡಂ, ಇದು ಸುಲಭದ ಪ್ರಶ್ನೆ ಎಂಬಂತೆ, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದರು. ಅಮ್ಮ ಪಕ್ಕದಲ್ಲೇ ದಿಂಬಿನ ಕವರು ಮಡಿಸುತ್ತಿದ್ದಳು. ಅಪ್ಪ, ಅಮ್ಮ, ಅಕ್ಕ, ನಾನು ಎಂದೆ. ಅಮ್ಮನ ಕೈ ನಿಂತಿತು. ಅಕ್ಕ ಎಲ್ಲಿದ್ದಾರೆ ಎಂದರು. ಪುಣೆ ಎಂದೆ. ಕೆಲಸವೂ ಅಲ್ಲೇ, ಹಾಗಾದರೆ ಅವರ ಜೊತೆಗೇ ಇರುತ್ತೀರಿ ಅಲ್ಲವೇ ಎಂದರು. ಹೌದು ಎಂದುಬಿಟ್ಟೆ! ನಿನ್ನನ್ನು ಒಂದು ಮಾತು ಕೇಳದೆ, ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ ಹಾಗೆ.

ಫೋನಿಡುವಾಗ ಇನ್ನೊಂದು ಎಡವಟ್ಟು. ನಮ್ಮ ಕಡೆ ಹೊರಡುವಾಗ ಹೋಗುತ್ತೇನೆ ಎನ್ನುವುದುಂಟೇ? ಬರ್ತೀನಿ ಎಂದೇ ರೂಢಿ. ಅದೇ ರೂಢಿಯಲ್ಲಿ ‘ಐ ವಿಲ್ ಕಮ್ ಮೇಡಂ’ ಎಂದೆ. ಅವರು ನಕ್ಕು, ಮೊದಲು ನಾವು ಕರೆಯಬೇಕಲ್ಲಮ್ಮಾ ಎಂದರು. ನಾಚಿಕೆಯಿಂದ ಸತ್ತೆ. ಆದರೂ ಇವತ್ತು ಬೆಳಿಗ್ಗೆ ಕರೆದಿದ್ದಾರೆ, ಜೂನಿನಲ್ಲಿ ಸೇರಬೇಕಂತೆ.

ಇನ್ನು ಕರೆಯಬೇಕಾದವಳು ನೀನು. ಜಾಗವಿಲ್ಲದಿದ್ದರೆ, ಅಥವಾ ನಮ್ಮ ಮೇಲಿನ ಸಿಟ್ಟು ಇಳಿದಿಲ್ಲದಿದ್ದರೆ, ಹಾಸ್ಟೆಲಿನಲ್ಲಿರುತ್ತೇನೆ. ಆದರೆ ನೀನಿರುವ ಊರಿನಲ್ಲೇ ಒಬ್ಬಳೇ ಕೂತು ಊಟ ಮಾಡುವುದು ನನ್ನಿಂದಾಗದು. ‘ಬಾ’ ಎಂದು ಒಂದೇ ಒಂದು ಅಕ್ಷರ ಬರೆ, ಸಾಕು.

ಭಾವನಿಗೆ ನಮಸ್ಕಾರ ತಿಳಿಸು. ತಾಯಿ ಶಾರದೆ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ನಯನ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು ಪಕ್ಕ ಕೂತಳು. ಆ ಫೋನು ಬಂದ ಮೇಲೆ ನನ್ನೊಡನೆ ಮಾತೇ ಬಿಟ್ಟಿದ್ದವಳು, “ಅವತ್ತು ಹೊಸ್ತಿಲು ದಾಟುವಾಗ ಅವಳು ಬರ್ತೀನಿ ಅಂದ್ಲೇನೇ? ಮಿಕ್ಸಿ ಸದ್ದಲ್ಲಿ ನಂಗೆ ಕೇಳ್ಲೇ ಇಲ್ಲ ಮಾರಾಯ್ತಿ” ಎಂದಳು. ನೀನು ಏನೂ ಹೇಳದೆ ಹೋದದ್ದು ನನಗೆ ಗೊತ್ತು, ಬಾಗಿಲಲ್ಲಿ ನಿಂತಿದ್ದವಳು ನಾನೇ ಅಲ್ಲವೇ. “ಹೂಂ ಅಮ್ಮ, ಅಂದ್ಲು” ಎಂದೆ. ಅಕ್ಕಾ, ನನ್ನ ಮಾತು ಸುಳ್ಳು ಮಾಡಬೇಡ.