ಬಲೆಯ ನಡುವಿನ ಬಿಳಿ ಗೀಟು

ಜೂನ್ 4, ಬೆಳಿಗ್ಗೆ

ಮತ್ತೆ ಬೇಲಿಯ ಮುಂದೆ. ಜೇಡಗಳು ಬಲೆ ನೇಯ್ದು ಮುಗಿಸಿವೆ. ಕೆಲವು ನಡುವೆ ಗುಣಾಕಾರದ ಗುರುತಿನಂತೆ ದಪ್ಪ ಬಿಳಿ ಗೀಟು ಎಳೆದಿವೆ, ಅಂಕುಡೊಂಕಾಗಿ. ಕೆಲವು ಎಳೆದಿಲ್ಲ. ಯಾಕೆ? ಇದೇ ನನ್ನ ಪಿಎಚ್‌ಡಿ. ಹುಳಗಳನ್ನು ಸೆಳೆಯಲು ಎನ್ನುವುದು ಗೈಡ್ ಮೇಡಂ ವಾದ. ಅವರ ಹೆಸರು ನಿಂತಿರುವುದೇ ಅದರ ಮೇಲೆ. ನಾನು ಇನ್ನೊಮ್ಮೆ ತೋರಿಸಿಕೊಟ್ಟರೆ ಸಾಕು.

ಬೇಲಿ ಅಕ್ಕನ ಮನೆಯದು. ಭಾವ ಟೀ ಲೋಟ ಹಿಡಿದು ಬಂದರು. "ಏನಮ್ಮ, ಇನ್ನೂ ಎಷ್ಟು ಜಾಲಾಡ್ತೀಯ? ಬೇಲಿ ಕಾಡಾಯ್ತು. ಕತ್ತರಿ ಹಾಕಿಸ್ಲಾ?"

ಬೇಡವೆಂದು ಗೋಗರೆದೆ.

ಜೂನ್ 19

ತಲೆ ಕೆಟ್ಟುಹೋಗಿದೆ. ಗೀಟಿರುವ ಬಲೆಗಳಿಗೇ ಹುಳ ಕಡಿಮೆ. ಹಕ್ಕಿ ನುಗ್ಗಿ ಹರಿದದ್ದು ಮಾತ್ರ ಗೀಟಿಲ್ಲದವನ್ನೇ. ಇವತ್ತು ಕಣ್ಣೆದುರಿಗೇ — ಹಕ್ಕಿ ನೇರ ಬಂತು, ಗೀಟು ಕಂಡದ್ದೇ ತಡ, ಪಕ್ಕಕ್ಕೆ ವಾಲಿ ಹೋಯಿತು. ಇದು ಹುಳ ಕರೆಯುವ ಬೋರ್ಡಲ್ಲ. ಹಕ್ಕಿಗೆ ಎಚ್ಚರಿಕೆ.

ಮೇಡಂಗೆ ಹೇಗೆ ಹೇಳಲಿ...

ಜೂನ್ 20

ಹೇಳಿದೆ. ಮೇಡಂ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ಗಾಳಿ ಇತ್ತೇನೋ. ಲೆಕ್ಕಕ್ಕೆ ಹೊಂದದ ಬಲೆಗಳನ್ನ ಬಿಟ್ಬಿಡು."

"ಬಿಟ್ರೆ ಉಳಿಯೋದೇನು ಮೇಡಂ?"

"ನಿನ್ನ ಪಿಎಚ್‌ಡಿ."

ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಬಂದೆ.

ಜುಲೈ 11

ಬರೆಯಲು ಮನಸ್ಸಿರಲಿಲ್ಲ. ಆ ಬಲೆಗಳನ್ನು ಬಿಟ್ಟು ಗ್ರಾಫ್ ಮಾಡಿದೆ. ಚೆಂದ ಬಂತು. ಅದೇ ಅಸಹ್ಯ. ನಾಳೆ ಸೆಮಿನಾರ್.

"ಮುಖ ಯಾಕೆ ಗಂಟು ಹಾಕ್ಕೊಂಡಿದೀಯ? ಕೆಲಸ ಮುಗೀತಲ್ಲ," ಎಂದಳು ಅಕ್ಕ.

"ಮುಗಿದಿಲ್ಲ ಅಕ್ಕ. ಮುಗಿಸಿದೀನಿ."

ಜುಲೈ 12, ಸಂಜೆ

ಸೆಮಿನಾರಿನಲ್ಲಿ ಎದ್ದು ನಿಂತೆ. ಚೆಂದದ ಗ್ರಾಫ್ ಬದಿಗಿಟ್ಟು ಹಳೆಯದನ್ನೇ ತೋರಿಸಿಬಿಟ್ಟೆ — ಎಲ್ಲ ಬಲೆಗಳೂ ಇದ್ದದ್ದು. "ನಾನು ಕಂಡದ್ದು ಇದು," ಎಂದೆ. ಮುಂದಿನ ಸಾಲಿನಲ್ಲಿದ್ದ ಮೇಡಂ ಪೆನ್ನಿಗೆ ಕ್ಯಾಪ್ ಹಾಕಿ ಎದ್ದು ಹೋದರು. ಕಾರಿಡಾರಿನಲ್ಲಿ ಒಬ್ಬರೂ ಮಾತಾಡಿಸಲಿಲ್ಲ.

ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ಅಳುವೂ ಬರುತ್ತಿಲ್ಲ. ಬರೀ ಸಿಟ್ಟು. ಅವರ ಮೇಲೋ, ನನ್ನ ಮೇಲೋ, ಗೊತ್ತಿಲ್ಲ.

ಜುಲೈ 15, ಬೆಳಿಗ್ಗೆ

ಯಾರಿಗೂ ಬೇಡದಿದ್ದರೂ ಬೇಲಿಯ ಹತ್ತಿರ ಬಂದು ಕೂತಿದ್ದೇನೆ. ಅಭ್ಯಾಸಬಲ. ಈಗಷ್ಟೇ ಮೇಡಂ ಫೋನ್.

"ಹಕ್ಕಿ ವಾಲಿದ್ದು ನೀನೇ ನೋಡಿದ್ಯಾ?"

"ನೋಡ್ದೆ ಮೇಡಂ."

"ನಾನು ಬಲೆ ಮುಂದೆ ಕೂತು ಎಷ್ಟೋ ವರ್ಷ ಆಯ್ತು ಕಣೆ. ಅಡ್ರೆಸ್ ಕಳ್ಸು."

ಕಳಿಸಿದೆ. ಬಯ್ಯಲು ಬರುತ್ತಾರೋ, ನೋಡಲು ಬರುತ್ತಾರೋ. ನನ್ನ ಸಿಟ್ಟಂತೂ ಇಳಿದಿಲ್ಲ. ಬರಲಿ, ಇವತ್ತು ನಾನೂ ಸುಮ್ಮನಿರುವುದಿಲ್ಲ.

ಗಂಟೆ ಕಳೆದಿರಬೇಕು, ಗೇಟಿನ ಸದ್ದು. ಅವರೇ. ಚಪ್ಪಲಿ ಅಲ್ಲೇ ಬಿಟ್ಟು, ಬಲೆ ಅಲುಗದಂತೆ ಮೆಲ್ಲಗೆ ಹೆಜ್ಜೆ ಇಡುತ್ತಿದ್ದಾರೆ. ಪಕ್ಕದಲ್ಲೇ ನೆಲಕ್ಕೆ ಕೂತರು. "ಬರೆಯೋದು ಆಮೇಲೆ, ಸ್ವಲ್ಪ ಆ ಕಡೆ ಸರಿ," ಎನ್ನುತ್ತಾ ನನ್ನ ಪೆನ್ನು —