ಏಣಿ ಗುರುತು

4 ಅಕ್ಟೋಬರ್ 2006, ಸಂಜೆ
ಮುದ್ದೆಗೆ ಎಸರಿಟ್ಟು ಬರೆಯುತ್ತಿದ್ದೇನೆ. ತಾಳವಾಡಿ ಆಫೀಸಿನಲ್ಲಿ ನಿಂತು ನಿಂತು ಕಾಲು ಬಿದ್ದುಹೋಯಿತು. ಕೊನೆಗೂ ಪಂಚಾಯ್ತಿ ಎಲೆಕ್ಷನ್ನಿನ ಗುರುತು ಕೊಟ್ಟರು. ಮೋಹನನಿಗೆ ಫ್ಯಾನ್. ನನಗೆ ಏಣಿ. ಈ ವಾರ್ಡಿಗೆ ನಾವಿಬ್ಬರೇ.

ಗೆದ್ದರೆ ಮೊದಲ ಕೆಲಸ ನಮ್ಮ ಬೀದಿಗೆ ಲೈಟು. ಕರೆಂಟ್ ಕಂಬ ನಾವು ಕೂಲಿಗೆ ಹೋಗುವ ರಾಚಪ್ಪನವರ ಮನೆಗೇ ನಿಂತಿದೆ. ಅಲ್ಲಿಂದಾಚೆ ಕತ್ತಲೆ, ಆನೆ, ನಾವು. ಮೊನ್ನೆ ಆನೆ ಪಕ್ಕದ ಮನೆಯ ಬಾಗಿಲು ಮುರಿದು ಅಕ್ಕಿ ತಿಂದು ಹೋಯಿತು. ಮಗುವಿನ ಬಾಯಿ ಮುಚ್ಚಿ ಕೂತಿದ್ದೆ. ಇನ್ನು ಸುಮ್ಮನಿರುವುದು ನನ್ನಿಂದಾಗದು.

6 ಅಕ್ಟೋಬರ್
ಮಾನ ಹೋಯಿತು. ನನ್ನ ಗಂಡನ ಅಣ್ಣ ಮಾದು ಭಾವ ನಿನ್ನೆ ರಾಚಪ್ಪನವರ ಕಾಂಪೌಂಡಿನ ಮೇಲೆ ಏಣಿ ಬರೆದರು. ರಾಚಪ್ಪನವರನ್ನು ಕೇಳಿಯೇ ಬರೆದದ್ದು. ಬೆಳಗ್ಗೆ ನೋಡಿದರೆ ರಾಚಪ್ಪನವರ ಹೆಂಡತಿ ಪುಟ್ಟನಂಜಮ್ಮ ಅದರ ಮೇಲೆ ಸಗಣಿ ಬಳಿಯುತ್ತಿದ್ದಾರೆ.

"ಯಾರ್ಗಮ್ಮಿ ಈ ಚಟ್ಟ? ನಮ್ ಮನ ಮುಂದ ಬರ್ಸಿದ್ದಯಲ್ಲ, ಯಾರ್ ಸಾಯ್ಲಿ ಅಂತ?"

ಹತ್ತಿರ ಹೋಗಿ ನೋಡಿದೆ. ಏಣಿ ಅಡ್ಡ ಮಲಗಿದೆ. ಎರಡು ಉದ್ದ ಬಿದಿರು, ನಡುವೆ ಅಡ್ಡಕಡ್ಡಿ... ಹೆಣ ಒಂದು ಇಲ್ಲ, ಅಷ್ಟೇ!

"ಗ್ವಾಡ ಗಿಡ್ಡ ಕಣವ್ವ," ಎಂದರು ಭಾವ. "ನಿಲ್ಸುದ್ರ ಇಡ್ಸನಿಲ್ಲ. ಮಲುಗ್ಸ್‌ಬುಟ್ಟಿ."

ಇವರನ್ನೇ ಮಲಗಿಸಬೇಕು ಅನ್ನಿಸಿತು.

7 ಅಕ್ಟೋಬರ್
ಊರೆಲ್ಲ "ಚಟ್ಟದ ಗುರ್ತು" ಎನ್ನುತ್ತಿದೆ. ಮೋಹನ ಕೇಳಿ ನಗುತ್ತಾನೆ. ಆಫೀಸಿಗೆ ಹೋಗಿ ಗುರುತು ಬದಲಾಯಿಸಿ ಎಂದೆ. ಅಲ್ಲಿಯ ಗುಮಾಸ್ತ ತಮಿಳಿನಲ್ಲಿ ಎಂದ: "ಮಾತ್ತ ಮುಡಿಯಾದುಮ್ಮಾ." ಆಗುವುದಿಲ್ಲವಂತೆ, ವೋಟಿನ ಚೀಟಿ ಪ್ರಿಂಟಿಗೆ ಹೋಗಿದೆ. ಬಸ್ಸಿನಲ್ಲಿ ಅತ್ತುಬಿಟ್ಟೆ. ಹಾಳು ಏಣಿ.

9 ಅಕ್ಟೋಬರ್
ರಾಚಪ್ಪನವರ ರಾಗಿ ಹೊಲಕ್ಕೆ ಕೂಲಿಗೆ ಹೋಗಿದ್ದೆ. ಅಲ್ಲೊಂದು ಮರದ ಮೇಲೆ ಅಟ್ಟಣೆ. ಆನೆ, ಹಂದಿ ಕಾಯಲು ರಾಚಪ್ಪನವರು ಈಗ ಅಲ್ಲೇ ಇರುತ್ತಾರೆ. ಪುಟ್ಟನಂಜಮ್ಮ ಬುತ್ತಿ ತಂದರು. ಸೀರೆ ಎತ್ತಿ ಕಟ್ಟಿ ಸರಸರ ಹತ್ತಿಬಿಟ್ಟರು. ಏಣಿ! ಅದೇ ಬಿದಿರು, ಅದೇ ಅಡ್ಡಕಡ್ಡಿ.

ಬಾಯಿ ತಡೆಯಲಿಲ್ಲ. "ಅವ್ವೋರೆ, ಚಟ್ಟ ಹತ್ಬುಟ್ರಲ್ಲ!"

ಮೇಲೆ ರಾಚಪ್ಪನವರು ನಕ್ಕ ನಗೆಗೆ ಅಟ್ಟಣೆಯೇ ಅಲ್ಲಾಡಿತು.

"ತೂ ನಿನ್ನ," ಎಂದರು ಪುಟ್ಟನಂಜಮ್ಮ, ತಾವೂ ನಗುತ್ತ. "ಇದು ಮರಕ್ಕ ಒರಿಗದ ಕಣಮ್ಮಿ. ಅದು ಸುಮ್ನ ಬಿದ್ದಿತ್ತು."

ಹೌದಲ್ಲ! ಬರೀ ಏಣಿಗೆ ಅರ್ಥವೇ ಇಲ್ಲ. ಯಾವುದಕ್ಕೆ ಒರಗಿದೆಯೋ ಅದರಿಂದ ಬರುತ್ತದೆ. "ಅಂಗಾದ್ರ ಮರನೂ ಬರ್ಸ್ತೀನಿ, ಎತ್ರದ್ ಗ್ವಾಡ ಕೊಡಿ" ಎಂದೆ. ಕೊಟ್ಟಿಗೆ ಗೋಡೆ ಕೊಟ್ಟರು.

10 ಅಕ್ಟೋಬರ್
ಭಾವ ಕೊಟ್ಟಿಗೆ ಗೋಡೆ ಮೇಲೆ ಬರೆದರು: ಮರ, ಅಟ್ಟಣೆ, ಒರಗಿದ ಏಣಿ. ಮೇಲೆ ತಗಡು ಬಡಿಯುವ ಹೆಂಗಸು — ನಾನಂತೆ. ಆ ಮೂಗು ನನ್ನದಲ್ಲ. ಓಡುವ ಆನೆ ಹಂದಿಯ ಹಾಗಿದೆ. ಆದರೂ ಭಾವನಿಗೆ ಎರಡು ಮುದ್ದೆ ಜಾಸ್ತಿ ಬಡಿಸಿದೆ.

12 ಅಕ್ಟೋಬರ್, ಮಧ್ಯಾಹ್ನ
ಮಾದರಿ ವೋಟಿನ ಚೀಟಿ ನೋಡಿದೆ. ಬರೀ ಏಣಿ. ಮರವಿಲ್ಲ, ಅಟ್ಟಣೆಯಿಲ್ಲ. ಒಳಗೆ ಒಬ್ಬರೇ ನಿಂತಾಗ ಜನಕ್ಕೆ ಏನು ಕಾಣುತ್ತದೋ? ಚಟ್ಟದ ಮೇಲೆ ಯಾರು ಸೀಲು ಒತ್ತುತ್ತಾರೆ? ಭಯವಾಗುತ್ತಿದೆ.

13 ಅಕ್ಟೋಬರ್
ವೋಟು ಮುಗಿಯಿತು. ಎಲ್ಲರ ಮುಖವನ್ನೂ ನೋಡಿದೆ. ಒಂದೂ ಗೊತ್ತಾಗಲಿಲ್ಲ.

18 ಅಕ್ಟೋಬರ್, ಎಣಿಕೆ ಕಟ್ಟಡದ ಮೆಟ್ಟಿಲು
ಇಬ್ಬರ ವೋಟೂ ಹೆಚ್ಚುಕಡಿಮೆ ಸಮಸಮ. ಮೋಹನನ ಕಡೆಯವರು ಮತ್ತೆ ಎಣಿಸಿ ಎಂದಿದ್ದಾರೆ. ಭಾವನನ್ನು ಒಳಗೆ ಬಿಟ್ಟು ಬಂದೆ.

ಇದನ್ನು ಈಗಲೇ ಬರೆಯಬೇಕು. ಮೋಹನನ ಚೀಟಿಗಳಲ್ಲಿ ಸೀಲು ಫ್ಯಾನಿನ ಮೇಲೇ ಇದೆ. ನನ್ನ ಎಷ್ಟೋ ಚೀಟಿಗಳಲ್ಲಿ ಏಣಿಯ ಮೇಲಿಲ್ಲ. ಏಣಿಯ ತುದಿಗೆ, ಖಾಲಿ ಬಿಳಿ ಜಾಗದಲ್ಲಿದೆ. ಅಟ್ಟಣೆ ಇರಬೇಕಾದ ಕಡೆ! ಆಫೀಸರು ತಿರುಗಿಸಿ ತಿರುಗಿಸಿ ನೋಡಿದರು. ಏಣಿಯ ಚೌಕದ ಗೆರೆ ದಾಟಿಲ್ಲ, ನಡೆಯುತ್ತದೆ ಎಂದರು. ಅವರಿಗೆ ಕಂಡದ್ದು ಬಿಳಿ ಕಾಗದ. ನಮ್ಮೂರಿನವರಿಗೆ ಅಲ್ಲಿ ಮರ ಇತ್ತು. ಕಣ್ಣು ತುಂಬಿಕೊಂಡಿತು, ಅದಕ್ಕೇ ಹೊರಗೆ ಬಂದೆ.

ಇಷ್ಟಾಯಿತಲ್ಲ, ಸೋತರೂ ಸರಿ ಅಂದುಕೊಳ್ಳಲು ನೋಡಿದೆ... ಇಲ್ಲ, ಸುಳ್ಳು. ನನಗೆ ಲೈಟು ಬೇಕು.

ಒಳಗೆ ಕೂಗು. ಬಾಗಿಲು ತೆರೆಯಿತು. ಭಾವ! ಟವೆಲ್ಲು ಹೆಗಲ ಮೇಲಿಲ್ಲ, ಕೈಯಲ್ಲಿದೆ, ತಲೆಯ ಮೇಲೆ ಗಿರಗಿರ ತಿರುಗಿಸುತ್ತ, ಬಾಯ್ತುಂಬ ನಗುತ್ತ, ನನ್ನ ಕಡೆಗೇ ಕುಣಿದು ಬರುತ್ತಿದ್ದಾರೆ—