ಅಕ್ಕನ ಪದಗಳು

ಜೂನ್ 4, ಸಂಜೆ

ಇವತ್ತೂ ಮೌಸ್ ಮೇಜಿನ ಅಂಚಿನಿಂದ ಕೆಳಗೆ ಬಿತ್ತು. ಅದನ್ನು ಎತ್ತಿ ನಡುವೆ ಇಟ್ಟುಕೊಂಡರೆ ಪರದೆ ಮೇಲಿನ ಬಾಣ ಇದ್ದಲ್ಲೇ ಇರುತ್ತದಂತೆ. ಲೈಬ್ರರಿ ಮೇಡಂ ಹೇಳಿಕೊಟ್ಟರು, ಅದೂ ನಗದೆ. ಯಾರೋ ಬಿಸಾಕಿದ ಹಳೇ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿ, ಬಂದವರಿಗೆಲ್ಲ ಪುಕ್ಕಟೆ ಕಲಿಸುತ್ತಾರೆ. “ಇದು ಓಪನ್ ಸೋರ್ಸ್. ಒಳಗೆ ಹೇಗಿದೆ ಅಂತ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೂ ಕೊಡಬಹುದು.”

ನನಗೆ ಅರ್ಥವಾದದ್ದು: ಹೊಲಿದ ಕೋಟಿನ ಜೊತೆ ಅಳತೆ ಗೆರೆ ಎಳೆದ ಕಟಿಂಗ್ ಪೇಪರನ್ನೂ ಕೊಟ್ಟ ಹಾಗೆ. ನನ್ನ ಹೊಲಿಗೆ ಅಂಗಡಿ ಎದುರಿನ ಟೈಲರ್‌ಗೆ ನನ್ನ ಕಟಿಂಗ್ ಜನ್ಮದಲ್ಲಿ ತೋರಿಸಿಲ್ಲ. ತೋರಿಸುವುದೂ ಇಲ್ಲ.

ಅಕ್ಕ ಮನೆಯಲ್ಲಿ ಗೋಡೆ ನೋಡುತ್ತ ಕೂತಿರುತ್ತಾಳೆ. ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಈಗ ಅಲ್ಲಿ ಮಷಿನ್ನೇ ಮಾತಾಡುತ್ತದೆ. ನಾಳೆ ಜೊತೆಗೆ ಕರೆದುಕೊಂಡು ಹೋಗಬೇಕು. ಪಾಪ.

ಜೂನ್ 5

ಕರೆದುಕೊಂಡು ಹೋದದ್ದೇ ತಪ್ಪಾಯಿತು. ಅವಳ ಕೈಯಲ್ಲಿ ಮೌಸ್ ಒಂದು ಸಲವೂ ಬೀಳಲಿಲ್ಲ.

ಜೂನ್ 19, ಮಧ್ಯಾಹ್ನ

ನಾನು ಒಂದು ಅಕ್ಷರ ಹುಡುಕುವಷ್ಟರಲ್ಲಿ ಅಕ್ಕನದು ಒಂದು ಸಾಲು. ಫೈಲ್ ಸೇವ್ ಮಾಡುತ್ತಾಳೆ, ಎಲ್ಲಿ ಇಟ್ಟೆ ಅನ್ನುವುದೂ ಅವಳಿಗೆ ಗೊತ್ತಿರುತ್ತದೆ. ನನ್ನ ಫೈಲುಗಳು ಎಲ್ಲಿಗೆ ಹೋಗುತ್ತವೋ ಆ ಲಿನಕ್ಸ್‌ಗೇ ಗೊತ್ತು.

ಕಿಟಕಿ ಪಕ್ಕದ ಕುರ್ಚಿ ನನ್ನದಾಗಿತ್ತು. ಈಗ ಅವಳು ಅಲ್ಲಿ. “ಕಣ್ಣಿಗೆ ಬೆಳಕು ಬೇಕಲ್ವೇನೇ” ಅಂದಳು. ನನ್ನವೇನು ಕಣ್ಣಲ್ಲ, ಅಂಗಿ ಗುಂಡಿಗಳೇ?

ಜುಲೈ 2

ಮೇಡಂ ಒಂದು ಪ್ರೋಗ್ರಾಮ್ ತೋರಿಸಿದರು. ಮೈ ಅಳತೆ ಕೊಟ್ಟರೆ ಕತ್ತರಿಸಬೇಕಾದ ಗೆರೆಗಳನ್ನು ಅದೇ ಎಳೆದುಕೊಡುತ್ತದೆ. ಆದರೆ ಎಲ್ಲ ಇಂಗ್ಲಿಷು. ಅದರ ಪದಗಳನ್ನೆಲ್ಲ ನಮ್ಮ ಭಾಷೆಗೆ ತರುವ ಕೆಲಸ ನಮ್ಮ ಕ್ಲಾಸಿಗೆ. “ನೀವು ಟೈಲರ್. ನೀವೇ ಮುಂದೆ ನಿಲ್ಲಬೇಕು” ಅಂದರು, ನನ್ನನ್ನೇ ನೋಡಿ. ಅಕ್ಕನ ಎದುರಿಗೆ! ದಾರಿಯುದ್ದಕ್ಕೂ ಕಾಲು ನೆಲದ ಮೇಲಿರಲಿಲ್ಲ.

ಲಾಗಿನ್ ಆಗಲು ಒಂದು ಹೆಸರು ಬೇಕಿತ್ತು. ನಾನು ‘ಕತ್ತರಿ’. ಅಕ್ಕ ‘ಹಲೋ’.

ಜುಲೈ 9, ರಾತ್ರಿ ಊಟಕ್ಕೆ ಮೊದಲು

ಮಾನ ಹೋಯಿತು.

ಕಂಪ್ಯೂಟರಿಗೆ ಅಂಗಡಿ ಮಾತು ಸಾಲದು, ಗೌರವದ ಪದ ಬೇಕು ಅಂದುಕೊಂಡೆ. ತೋಳಿಗೆ ‘ಭುಜಾವರಣ’ ಅಂತ ಹಾಕಿದೆ. ಲೈನಿಂಗಿಗೆ ‘ಒಳಬಟ್ಟೆ’. ಮೇಡಂ ಎಲ್ಲರಿಗೂ ಕಾಣಲೆಂದು ದೊಡ್ಡ ಪರದೆಯ ಮೇಲೆ ಹಾಕಿದರು: ‘ಕೋಟಿಗೆ ಒಳಬಟ್ಟೆ ಬೇಕೇ? ಹೌದು. ಬೇಡ.’

ಪಕ್ಕದ ಸಾಲಿನ ರಿಟೈರ್ಡ್ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಕೋಟಿಗ್ಯಾಕ್ರೀ, ನಮಗಿದ್ರೆ ಸಾಕು!”

ಅಕ್ಕ ಮೆಲ್ಲಗೆ, “ಅಸ್ತರು ಅಂತ ಹಾಕಿದ್ರೆ?” ಅಂದಳು. ಎಲ್ಲರೂ ತಲೆದೂಗಿದರು. ಮೇಡಂ ಅಂತೂ ಕೈ ತಟ್ಟಿಯೇಬಿಟ್ಟರು.

ಅಸ್ತರು! ಬೆಳಗಿಂದ ಸಂಜೆವರೆಗೆ ನಾನು ಅಂಗಡಿಯಲ್ಲಿ ಕೂಗುವ ಪದ. ಇವಳು ಯಾವಾಗಲೋ ಅಂಗಡಿಗೆ ಬಂದಾಗ ಮೂಲೆಯಲ್ಲಿ ಕೂತು ಅಂಚು ಮಡಿಸುತ್ತ ಕೇಳಿಸಿಕೊಂಡದ್ದು. ನನ್ನ ಬಾಯಿಂದ ಬಿದ್ದದ್ದು, ಅವಳ ಹೆಸರಿಗೆ ಹೋಯಿತು. ನನಗೇ ಯಾಕೆ ಹೊಳೆಯಲಿಲ್ಲ… ಅದೇ ಹೊಟ್ಟೆ ಉರಿಸುತ್ತಿರುವುದು.

ಜುಲೈ 23

ಪ್ರೋಗ್ರಾಮಿನ ಪುಟದಲ್ಲಿ ಕೆಲಸ ಮಾಡಿದವರ ಹೆಸರು ಬಂದಿದೆ. ‘ಹಲೋ’ ಮೇಲೆ. ‘ಕತ್ತರಿ’ಯನ್ನು ಹುಡುಕಬೇಕು.

“ನೋಡೇ, ಯಾವೂರಿನವರೋ ಏನೋ, ನನಗೆ ಥ್ಯಾಂಕ್ಸ್ ಬರೆದಿದಾರೆ!” ಅಂತ ಅಕ್ಕ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

“ಬರುವಾಗ ಒಲೆ ಆರಿಸಿದ್ಯಾ?” ಅಂದೆ.

ಅವಳ ಮುಖ ಬಾಡಿತು. ನನಗೆ ಒಳಗೊಳಗೇ ಹಿತವಾಯಿತು. ಬರೆಯಲು ನಾಚಿಕೆ. ಆದರೆ ಆಯಿತು.

ಜುಲೈ 24, ಮಧ್ಯಾಹ್ನ

ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ನಾನೊಬ್ಬಳೇ ಲೈಬ್ರರಿಗೆ ಹೋದೆ. ಅವಳ ಪದಗಳನ್ನೆಲ್ಲ ಅಳಿಸಿದೆ. ತೋಳು. ನೆರಿಗೆ. ಕಾಜ. ಅಸ್ತರು. ಒಂದೊಂದೂ. ಅಳಿಸುವುದಕ್ಕೆ ಅಕ್ಷರ ಹುಡುಕುವ ಪಾಡು ಇರಲಿಲ್ಲ. ಕಂಪ್ಯೂಟರ್ ಕೆಟ್ಟಿತ್ತು ಅಂದರಾಯಿತು. ಯಾರಿಗೆ ಗೊತ್ತಾಗುತ್ತದೆ?

ಜುಲೈ 25

ಎಲ್ಲರಿಗೂ ಗೊತ್ತಾಯಿತು.

ಆ ಪ್ರೋಗ್ರಾಮಿನ ಪುಟದಲ್ಲಿ ಯಾರು ಏನು ಮಾಡಿದರೂ ಹೆಸರು ಸಮೇತ ಉಳಿಯುತ್ತದಂತೆ. ದೊಡ್ಡ ಪರದೆಯ ತುಂಬ: ‘ಕತ್ತರಿ ಅಳಿಸಿದ್ದಾರೆ. ಕತ್ತರಿ ಅಳಿಸಿದ್ದಾರೆ. ಕತ್ತರಿ ಅಳಿಸಿದ್ದಾರೆ.’ ಮೇಡಂ ಗಡಿಬಿಡಿಯಲ್ಲಿ ಪರದೆ ಆರಿಸಿದರು. ಡ್ರೈವರ್ ಕೂಡ ನಗಲಿಲ್ಲ. ಅವನು ನಕ್ಕಿದ್ದರೆ ಚೆನ್ನಾಗಿತ್ತು.

“ಏನೂ ಹಾಳಾಗಿಲ್ಲ, ಹಳೇದೆಲ್ಲ ಇದೆ. ಈಗಲೇ ವಾಪಸ್ ತರ್ತೀನಿ” ಅಂದರು ಮೇಡಂ.

“ನಾನು ಅಳಿಸಿದ್ದು. ನಾನೇ ತರ್ತೀನಿ” ಅಂದೆ. ಹೇಗೆ ಅಂತ ಗೊತ್ತಿರಲಿಲ್ಲ.

ಅಕ್ಕ ಚೀಲ ತೆಗೆದುಕೊಂಡು ಎದ್ದಳು. ಮನೆವರೆಗೂ ರಸ್ತೆಯ ಆ ಕಡೆ ಅವಳು, ಈ ಕಡೆ ನಾನು. ಬೀಗ ತೆಗೆಯುವಾಗ ಹೇಳಿದಳು: “ನಿನಗೆ ಅಂಗಡಿ ಇದೆ. ಬೋರ್ಡ್ ಮೇಲೆ ನಿನ್ನ ಹೆಸರಿದೆ. ನಾನು ಅಷ್ಟು ವರ್ಷ ಹಲೋ ಹಲೋ ಅಂದೆ, ಯಾರೂ ನನ್ನ ಹೆಸರು ಕೇಳಲಿಲ್ಲ. ನಿನ್ನನ್ನ ನೋಡಿ ನನಗೆಷ್ಟು ಹೊಟ್ಟೆ ಉರೀತಿತ್ತು ಗೊತ್ತೇನೇ? ಆದ್ರೂ ನಿನ್ನ ಬೋರ್ಡ್ ಕಿತ್ತು ಹಾಕಿದ್ನಾ ನಾನು?”

ನನ್ನನ್ನು ಕಂಡು ಅವಳಿಗೆ ಹೊಟ್ಟೆಕಿಚ್ಚೇ? ಅವಳಿಗೆ?

ಆಗಸ್ಟ್ 8, ಸಂಜೆ

ಅಕ್ಕ ಕ್ಲಾಸಿಗೆ ಬರುವುದಿಲ್ಲ. ಕಿಟಕಿ ಪಕ್ಕದ ಕುರ್ಚಿ ನನ್ನದೇ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ.

ಇವತ್ತು ಮೇಡಂ ಪಕ್ಕ ಕೂತು ವಾಪಸ್ ತರುವುದು ಹೇಗೆಂದು ತೋರಿಸಿದರು. ಎರಡು ದಾರಿ. ನಾನೇ ಪದಗಳನ್ನು ಟೈಪ್ ಮಾಡಿದರೆ ಅವು ‘ಕತ್ತರಿ’ ಹೆಸರಿಗೆ ಬರುತ್ತವೆ. ಹಳೆಯದನ್ನು ತಿರುಗಿ ಕರೆಯುವ ಬಟನ್ ಒತ್ತಿದರೆ ಮೊದಲು ಬರೆದವಳ ಹೆಸರಿಗೇ ಉಳಿಯುತ್ತವೆ. “ಯಾವುದಾದ್ರೂ ಆಗುತ್ತೆ” ಅಂದು, ಬೇರೆಯವರಿಗೆ ಹೇಳಿಕೊಡಲು ಎದ್ದುಹೋದರು.

ಅಸ್ತರು ಅಂತ ಟೈಪ್ ಮಾಡಿದೆ. ನನ್ನದೇ ಪದ ತಾನೇ. ‘ಕತ್ತರಿ’ ಪಕ್ಕದಲ್ಲಿ ಚೆನ್ನಾಗಿಯೂ ಕಂಡಿತು. ಬಹಳ ಹೊತ್ತು ನೋಡಿದೆ.

ಅಳಿಸಿದೆ. ಬಟನ್ ಒತ್ತಿದೆ. ಒಂದೊಂದಕ್ಕೂ. ಒಂದೊಂದಕ್ಕೂ ಉರಿಯಿತು.

ಆಗಸ್ಟ್ 9

“ಎಲ್ಲಾ ವಾಪಸ್ ಹಾಕಿದೀನಿ. ನಿನ್ನ ಹೆಸರಲ್ಲೇ.”

ಅಕ್ಕ ಬಟ್ಟೆ ಮಡಿಸುತ್ತಿದ್ದಳು. “ಎಷ್ಟು ಹೊತ್ತು ಬೇಕಾಯ್ತು?”

“ಮಧ್ಯಾಹ್ನವೆಲ್ಲ.”

“ನಾನಾಗಿದ್ರೆ ಬೇಗ ಮುಗಿಸ್ತಿದ್ದೆ” ಅಂದಳು. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಇಬ್ಬರಿಗೂ ನಗು ಬಂತು.

ಆಗಸ್ಟ್ 20, ಬೆಳಿಗ್ಗೆ

ಮೇಡಂ ಒಂದು ಹಳೇ ಕಂಪ್ಯೂಟರನ್ನು ಅಂಗಡಿಗೇ ಕೊಟ್ಟಿದ್ದಾರೆ. ಅಕ್ಕ ಅದರ ಮುಂದೆ ಕೂತು ಉಳಿದ ಪದಗಳನ್ನು ಹಾಕುತ್ತಿದ್ದಾಳೆ. ಗಿರಾಕಿ ಯಾರೂ ಇನ್ನೂ ಬಂದಿಲ್ಲ, ಇದನ್ನು ಕಟಿಂಗ್ ಮೇಜಿನ ಮೇಲೆ ಬರೆಯುತ್ತಿದ್ದೇನೆ.

“ಜೇಬಿನ ಬಾಯಿ ಮುಚ್ಚೋ ತುಂಡಿಗೆ ಏನಂತೀವೇ?” ಅಂತ ಕೂಗಿದಳು.

ನನಗೆ ಗೊತ್ತು. ಹೇಳಲಿಲ್ಲ.

“ಗೊತ್ತಿದ್ರೆ ಬಂದು ನೀನೇ ಹಾಕು. ನಾನು ಎದ್ದೇಳ್ತೀನಿ” ಅಂದಳು. ನೋಡಿ, ಬಿಟ್ಟುಕೊಡುವುದರಲ್ಲೂ ಅವಳೇ ಮುಂದೆ! ಅದಕ್ಕೂ ನನಗೆ…

“ಲೇ, ಬರ್ತೀಯೋ ಇಲ್ವೋ? ನಾನೇ ಏನೋ ಒಂದು ಹಾಕಿಬಿಡ್ಲಾ?”

ಬೇಡ, ಬೇಡ, ಬಂದೆ—